ಟೀಚರ್ ಹೋದಾಗ

ಬೋರ್ಡಿನ ಮೇಲೆ ‘ಹೊಳೆಯಲ್ಲಿ ನೀರು ಹರಿಯುತ್ತದೆ’ ಎಂದು ಬರೆಯುತ್ತಿದ್ದೆ. ತಿರುಗಿ ನೋಡಿದರೆ ನನ್ನ ಮೂರನೇ ತರಗತಿಯ ಮಕ್ಕಳೆಲ್ಲ ಡೆಸ್ಕಿನ ಮೇಲೆ ತಲೆಯಿಟ್ಟಿದ್ದರು.

ನಿದ್ದೆಯಲ್ಲ ಅದು. ಕೆನ್ನೆಯನ್ನು ಮರಕ್ಕೆ ಆನಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಅಲುಗಾಡದೆ ಕೂತಿದ್ದರು. ಫ್ಯಾನು ಕಿರುಗುಟ್ಟುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಆ ಫ್ಯಾನು ಕಿರುಗುಟ್ಟುತ್ತದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಏಕೆಂದರೆ ನನ್ನ ತರಗತಿ ಎಂದರೆ ಸಂತೆ.

‘ಏನ್ರೋ ಇದು? ಮಲಗೋಕೆ ಯಾರು ಹೇಳಿದ್ರು?’ ಎಂದು ಗದರಿದೆ.

ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಂದು ತಲೆ ಮೇಲೆದ್ದಿತು. ಅದನ್ನು ನೋಡಿದವರಂತೆ ಉಳಿದವರೂ ಎದ್ದರು. ಎದ್ದವರು ಪೆನ್ಸಿಲ್ ಹಿಡಿದು, ಏನೂ ಆಗಿಲ್ಲವೆಂಬಂತೆ ಬರೆಯತೊಡಗಿದರು. ಮಕ್ಕಳು ಕೂಡಿ ಕಿತಾಪತಿ ಮಾಡಿದರೆ ಒಬ್ಬನಾದರೂ ಕಿಸಕ್ಕನೆ ನಗಬೇಕು. ಇಷ್ಟು ವರ್ಷದ ನೌಕರಿಯಲ್ಲಿ ನಗು ತಡೆದುಕೊಂಡ ತರಗತಿಯನ್ನು ನಾನು ಕಂಡವಳಲ್ಲ. ಅವತ್ತು ಯಾರೂ ನಗಲಿಲ್ಲ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಬೋರ್ಡಿನ ಕಡೆ ತಿರುಗಿದರೆ ‘ಹರಿಯುತ್ತದೆ’ಯ ಕೊನೆಯ ಅಕ್ಷರ ಬಾಲ ಬಿಟ್ಟುಕೊಂಡು ಬೋರ್ಡಿನ ಕೆಳಗಿನ ಪಟ್ಟಿಯವರೆಗೂ ಇಳಿದಿತ್ತು. ಯಾವನೋ ತಂಟೆಕೋರ ಎಳೆದಿರಬೇಕು ಎಂದುಕೊಂಡು ಒರೆಸಿದೆ.

ಮೊದಲೆದ್ದ ತಲೆ ಗುಮ್ಮಿಯದು. ಅವಳ ನಿಜವಾದ ಹೆಸರು ಬೇರೆ. ಮಕ್ಕಳಿಗೆ ಅಡ್ಡಹೆಸರಿಡುವುದು ನನ್ನ ಚಾಳಿ. ಆ ಹುಡುಗಿ ಗುಮ್ಮನಗುಸುಕಿ, ಪ್ರಶ್ನೆ ಕೇಳಿದರೆ ಉತ್ತರವನ್ನು ತನ್ನ ಕಾಲ್ಬೆರಳುಗಳಿಗೆ ಹೇಳುತ್ತಾಳೆ. ಹಾಗಾಗಿ ಗುಮ್ಮಿ. ಸಣಕಲು ಮೈ, ಎರಡು ಬಿಗಿ ಜಡೆ, ಎತ್ತಲೋ ನೋಡುತ್ತಿದ್ದರೂ ಎಲ್ಲವನ್ನೂ ಕಾಣುವಂಥ ಕಣ್ಣು. ತರಗತಿಯ ಲೀಡರ್‌ಗೆ ನಾನಿಟ್ಟ ಹೆಸರು ತುತ್ತೂರಿ. ಅವನು ‘ಸೈಲೆನ್ಸ್!’ ಎಂದು ಕೂಗಿದರೆ ಪಕ್ಕದ ತರಗತಿಯೂ ಸುಮ್ಮನಾಗುತ್ತದೆ.

ನಮ್ಮ ಶಾಲೆಯಲ್ಲಿ ಪ್ರತಿ ಅವಧಿಯ, ಅಂದರೆ ಟರ್ಮಿನ, ಕೊನೆಗೆ ಒಂದು ಹಿತ್ತಾಳೆ ಬಿಲ್ಲೆ ಕೊಡುವ ಪದ್ಧತಿ ಇದೆ. ಅಂಕಕ್ಕಲ್ಲ, ಗುಣಕ್ಕೆ. ನಾಲ್ಕು ಮಕ್ಕಳನ್ನು ಒಳ್ಳೆಯ ದಾರಿಯಲ್ಲಿ ನಡೆಸಿದ ಮಗುವನ್ನು ಆ ತರಗತಿಯ ಟೀಚರೇ ಆರಿಸಿ, ತಾವೇ ಅಂಗಿಗೆ ಚುಚ್ಚಬೇಕು. ನಾನು ಯಾವಾಗಲೂ ತುತ್ತೂರಿಗಳಿಗೇ ಕೊಟ್ಟವಳು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎಂದು ನಂಬಿದವಳು. ಒಮ್ಮೆ ನಮ್ಮ ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ‘ಸ್ವಲ್ಪ ಮೆತ್ತಗಿನ ಮಕ್ಕಳನ್ನೂ ನೋಡಿ. ತುಂಬಿದ ಕೊಡ ತುಳುಕೋದಿಲ್ಲ’ ಎಂದಿದ್ದರು. ‘ಖಾಲಿ ಕೊಡಾನೂ ತುಳುಕೋದಿಲ್ಲ ಮೇಡಂ’ ಎಂದು ನಾನು ಹೇಳಿ, ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ನಗಿಸಿದ್ದೆ.

ಆಮೇಲೆ ಅದು ಮತ್ತೆ ಮತ್ತೆ ಆಗತೊಡಗಿತು. ಪದ್ಯ ಓದುತ್ತ ಪುಸ್ತಕದಿಂದ ತಲೆಯೆತ್ತಿದರೆ ಡೆಸ್ಕುಗಳ ಮೇಲೆ ಬರೀ ಕೂದಲು ಕಾಣುತ್ತಿತ್ತು. ಹಾಜರಿ ಕರೆಯುತ್ತಿದ್ದಾಗಲೂ ಒಂದು ಸಲ ಹಾಗಾಯಿತು. ಮಧ್ಯಾಹ್ನದ ಬಿಸಿಲು, ಹೊರಗೆ ಬೇರೆ ತರಗತಿಯ ಮಕ್ಕಳ ಚೆಂಡಿನ ಸದ್ದು, ಒಳಗೆ ಉಸಿರೂ ಕೇಳದ ಹಾಗೆ ಬಾಗಿದ ತಲೆಗಳು. ಪ್ರತಿ ಸಲವೂ ಮೊದಲು ಏಳುವವಳು ಗುಮ್ಮಿಯೇ. ಎದ್ದವಳು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕೈಗಳನ್ನು ನೋಡುತ್ತಿದ್ದಳು.

ಇದರ ಜೊತೆಗೆ ಸಾಮಾನುಗಳು ಜಾಗ ಬದಲಿಸತೊಡಗಿದವು. ಶಾಲೆಯ ಆಯಾ ತಂದಿಟ್ಟ ಬಿಸಿ ಚಹಾದ ಲೋಟ ನನ್ನ ಮೊಣಕೈ ಹತ್ತಿರವಿದ್ದದ್ದು ಮೇಜಿನ ಆಚೆ ಅಂಚಿಗೆ ಹೋಗಿರುತ್ತಿತ್ತು. ಒಂದು ಗುಟುಕು ಕುಡಿಯೋಣವೆಂದರೆ ಕೆನೆ ಕಟ್ಟಿರುತ್ತಿತ್ತು. ನಾನು ತೆರೆದಿಟ್ಟ ಕಿಟಕಿಗೆ ಚಿಲಕ ಬಿದ್ದಿರುತ್ತಿತ್ತು. ನಮ್ಮದು ಎರಡನೇ ಮಹಡಿ, ಆ ಕಿಟಕಿಗೆ ಸರಳುಗಳಿಲ್ಲ, ನಾನು ಅಲ್ಲೇ ಒರಗಿ ನಿಂತು ಪಾಠ ಮಾಡುವವಳು. ಚಿಲಕ ಹಾಕಿದ್ದು ಯಾರು ಎಂದು ಕೇಳಿದರೆ ಇಡೀ ತರಗತಿ ನೆಲ ನೋಡುತ್ತಿತ್ತು.

ಮನೆಯಲ್ಲಿ ನನ್ನ ತಂಗಿಗೆ ಹೇಳಿದೆ. ನಾವಿಬ್ಬರೇ ಇರುವುದು. ಅವಳಿಗೆ ನನ್ನ ಮಾತಿಗಿಂತ ಒಲೆಯ ಮೇಲೆ ಗಮನ.

‘ಮಕ್ಕಳ ಮಾತು ಆಮೇಲೆ. ನೀನು ಮೊದಲು ಇಲ್ಲಿ ನೋಡು. ಹಾಲು ಉಕ್ಕಿ ಹೊರಗೆ ಬಂದಿದೆ, ನೀನು ಕಂಬದ ಹಾಗೆ ಮುಂದೇನೇ ನಿಂತಿದ್ದೀಯ. ಎರಡು ಸಲ ಕರೆದೆ, ಕಿವಿ ಎಲ್ಲಿಟ್ಟಿದ್ದೆ ಅಕ್ಕ?’

‘ತಲೆಕೆಟ್ಟು ಹೋಗಿದೆ ಕಣೆ. ಆ ಪಿಶಾಚಿಗಳ ಯೋಚನೇನೇ ಆಗಿದೆ ನಂಗೆ’ ಎಂದೆ.

ಮರುದಿನ ತುತ್ತೂರಿಯನ್ನು ಒಬ್ಬನನ್ನೇ ವರಾಂಡಕ್ಕೆ ಕರೆದೆ. ಅವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ತನ್ನ ಅಪ್ಪ ಅಮ್ಮ ಜಗಳವಾಡಿದ್ದನ್ನು ಬೆಳಗಿನ ಪ್ರಾರ್ಥನೆಗೆ ಮೊದಲೇ ವರದಿ ಮಾಡುವ ಆಸಾಮಿ.

‘ನಿಜ ಹೇಳಪ್ಪ. ನೀವೆಲ್ಲ ಯಾಕೆ ಹಾಗೆ ತಲೆ ಇಡ್ತೀರಿ?’

ಅವನು ಅಂಗಿಯ ಗುಂಡಿ ತಿರುವಿದ. ‘ಸುಮ್ನೆ ಟೀಚರ್.’

‘ಸುಮ್ನೆ ಯಾರಾದ್ರೂ ಮಾಡ್ತಾರಾ? ಯಾವಾಗ ಇಡಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?’

‘ನೀವು ಹೋದಾಗ, ಟೀಚರ್.’

‘ನಾನೆಲ್ಲೋ ಹೋದೆ? ಕ್ಲಾಸಲ್ಲೇ ಇದ್ದೆನಲ್ಲ, ನಿಮ್ಮ ಕಣ್ಣೆದುರಿಗೇ!’

ಅವನು ತಲೆಯೆತ್ತಿ ನನ್ನನ್ನು ನೋಡಿದ. ಎಂಟು ವರ್ಷದ ಹುಡುಗ ನನ್ನನ್ನು ಕನಿಕರದಿಂದ ನೋಡಿದ. ಸತ್ತವರ ಮನೆಗೆ ಹೋದಾಗ ದೊಡ್ಡವರು ಹಾಗೆ ನೋಡುವುದುಂಟು. ‘ಹೂಂ ಟೀಚರ್’ ಎಂದು ಒಳಗೆ ಓಡಿಬಿಟ್ಟ. ತುತ್ತೂರಿಯ ಬಾಯಿಗೇ ಬೀಗ ಹಾಕಿದವಳು ಆ ಗುಮ್ಮಿ ಎಂದು ನನಗೆ ಖಾತ್ರಿಯಾಯಿತು. ಜೊತೆಗೆ ಭಯವೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಮಕ್ಕಳ ಗುಣ ನೋಡಬೇಕಾದರೆ ಅವರಿಗೆ ಕಾಣದ ಹಾಗೆ ನಿಂತು ನೋಡಬೇಕು ಎಂಬುದು ನನ್ನ ಹಳೆಯ ವಿದ್ಯೆ. ನಮ್ಮ ತರಗತಿಗೂ ಪಕ್ಕದ ಆಟದ ಸಾಮಾನಿನ ಕೋಣೆಗೂ ನಡುವೆ ಒಂದು ಬಾಗಿಲಿದೆ, ಅದರಲ್ಲಿ ಅಂಗೈಯಗಲದ ಗಾಜು. ‘ಆಫೀಸಿಗೆ ಹೋಗಿ ಬರ್ತೀನಿ’ ಎಂದು ಹೇಳಿ, ಆ ಕೋಣೆಯಲ್ಲಿ ಚೆಂಡು, ಹಗ್ಗಗಳ ನಡುವೆ ಸೀನು ತಡೆದುಕೊಂಡು ನಿಂತೆ.

ನಾನಿಲ್ಲದ ತರಗತಿ ಎಂದಿನ ಸಂತೆಯಾಗಿಯೇ ಇತ್ತು. ಒಬ್ಬನೂ ತಲೆಯಿಡಲಿಲ್ಲ. ತುತ್ತೂರಿ ಬೆಂಚು ಹತ್ತಿ ‘ಸೈಲೆನ್ಸ್’ ಎಂದು ಅರಚುತ್ತಿದ್ದ, ಅವನೇ ಎಲ್ಲರಿಗಿಂತ ಹೆಚ್ಚು ಗಲಾಟೆ. ಗುಮ್ಮಿ ಎದ್ದು, ಮುಂದಿನ ಬೆಂಚಿನ ಪುಟ್ಟ ಹುಡುಗನ ಬಾಟಲಿಯಿಂದ ಚೆಲ್ಲಿದ್ದ ನೀರನ್ನು ಬಟ್ಟೆಯಿಂದ ಒರೆಸಿದಳು. ಬಿಕ್ಕುತ್ತಿದ್ದ ಒಂದು ಹುಡುಗಿಯ ಪಕ್ಕ ಹೋಗಿ ಕೂತಳು, ಏನೂ ಹೇಳದೆ, ಬರೀ ಕೂತಳು. ಸ್ವಲ್ಪ ಹೊತ್ತಿಗೆ ಅದು ಬಿಕ್ಕುವುದನ್ನು ನಿಲ್ಲಿಸಿತು. ಮೂಲೆಯಲ್ಲಿ ಇಬ್ಬರು ಜುಟ್ಟು ಹಿಡಿದುಕೊಂಡಿದ್ದರು. ಅವಳು ಹತ್ತಿರ ಹೋಗಿ ನಿಂತದ್ದಷ್ಟೇ, ಕೈ ಬಿಟ್ಟರು.

ಇದನ್ನೆಲ್ಲ ಈ ಕಣ್ಣುಗಳಿಂದಲೇ ನೋಡಿದೆ. ನೋಡಿ ಏನು ತಿಳಿದುಕೊಂಡೆ ಹೇಳಿ? ಎಂಥ ಹಿಡಿತ ಇಟ್ಟುಕೊಂಡಿದ್ದಾಳಪ್ಪ ಎಂದು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಲೆಕ್ಕದ ಮೇಷ್ಟ್ರನ್ನು ಕೇಳಿದೆ. ‘ನನ್ನ ಪೀರಿಯಡ್ಡಲ್ಲಿ ತಲೆ ಇಡೋದಾ? ನಾನು ಇಡಿ ಅಂದ್ರೂ ಇಡಲ್ಲ ಅವು’ ಎಂದು ನಕ್ಕರು. ಅಂದರೆ ಬೇರೆ ಯಾರ ಮುಂದೆಯೂ ಇಲ್ಲದ ಆಟ ನನ್ನ ಮುಂದೆ ಮಾತ್ರ. ನನ್ನನ್ನು ಹೆದರಿಸಿ ಓಡಿಸುವ ಆಟ ಎಂದು ತೀರ್ಮಾನಿಸಿಬಿಟ್ಟೆ.

ಅದೇ ವಾರ ನಮ್ಮ ತರಗತಿಯ ಬೇರೊಬ್ಬ ಹುಡುಗಿಯ ತಾಯಿ ದೊಡ್ಡ ಮೇಡಂ ಹತ್ತಿರ ದೂರು ತಂದಳು. ಮನೆಯಲ್ಲಿ ಊಟಕ್ಕೆ ಕೂತಾಗ ಅಜ್ಜ ತುತ್ತು ಹಿಡಿದವರು ಹಾಗೇ ಗೋಡೆ ನೋಡುತ್ತ ಕೂತರಂತೆ. ಮೊಮ್ಮಗಳು ಅವರ ಕೈ ಹತ್ತಿರದ ಚಾಕು ಎತ್ತಿ ದೂರವಿಟ್ಟು, ತಟ್ಟೆಯ ಪಕ್ಕ ತಲೆಯಿಟ್ಟು ಕಣ್ಣು ಮುಚ್ಚಿದಳಂತೆ. ‘ನಮ್ಮ ಮಾವನಿಗೆ ವಯಸ್ಸಾಗಿದೆ, ಏನೋ ನೆನಪಿಸಿಕೊಳ್ತಾ ಕೂತಿದ್ರು ಅಷ್ಟೆ. ಇವಳು ಹೀಗೆ ಮಾಡಿದ್ದು ನೋಡಿ ಅವರೇ ಹೆದರಿಬಿಟ್ರು. ಇದೇನು ಪಾಠ ಹೇಳಿಕೊಡ್ತಿದ್ದೀರಿ ನೀವು?’

ಗಾಯದ ಮೇಲೆ ಬರೆ ಎಳೆದಂತೆ, ಮರುದಿನ ನನ್ನ ಕತ್ತರಿ ಕಳೆಯಿತು. ಬಣ್ಣದ ಕಾಗದ ಕತ್ತರಿಸುತ್ತಿದ್ದೆ, ಕೈಯಲ್ಲೇ ಇತ್ತು. ಮಕ್ಕಳು ತಲೆಯಿಟ್ಟರು, ನಾನು ಕೂಗಿದೆ, ನೋಡಿದರೆ ಕೈ ಖಾಲಿ. ಒಬ್ಬೊಬ್ಬರ ಚೀಲವನ್ನೂ ಬಗ್ಗಿಸಿ ಸುರಿದೆ. ಗುಮ್ಮಿಯ ಚೀಲದಿಂದ ಕತ್ತರಿ ಠಣ್ಣೆಂದು ನೆಲಕ್ಕೆ ಬಿತ್ತು.

‘ಕಳ್ಳತನ ಬೇರೆ ಕಲಿತಿದ್ದೀಯಾ?’

ಅವಳು ಅಳಲಿಲ್ಲ. ನನ್ನ ಬೆರಳುಗಳನ್ನೇ ನೋಡುತ್ತ, ‘ವಾಪಸ್ ಇಡ್ತಿದ್ದೆ ಟೀಚರ್’ ಎಂದಳು. ಅದೇ ಅವಳು ನನ್ನ ಹತ್ತಿರ ಆಡಿದ ಅತಿ ಉದ್ದದ ಮಾತು.

ದೊಡ್ಡ ಮೇಡಂ ನನ್ನನ್ನು ಕೂರಿಸಿಕೊಂಡು ಹೇಳಿದರು. ‘ನೋಡಿ, ನೀವು ಬರೆದುಕೊಟ್ಟರೆ ಅವಳನ್ನ ಶಾಲೆಯಿಂದ ತೆಗೆಯೋಣ. ಆದರೆ ಈ ಸುತ್ತಿನಲ್ಲಿ ಆ ಮಗೂಗೆ ಬೇರೆ ಶಾಲೆ ಇಲ್ಲ, ತಾಯಿಗೆ ದೂರ ಕಳಿಸೋ ಶಕ್ತಿ ಇಲ್ಲ. ಯೋಚನೆ ಮಾಡಿ ಹೇಳಿ.’

‘ಯೋಚನೆ ಮಾಡೋದೇನಿದೆ ಮೇಡಂ? ಒಂದು ಕೊಳೆತ ಹಣ್ಣು ಬುಟ್ಟಿಯನ್ನೇ ಕೆಡಿಸುತ್ತೆ’ ಎಂದೆ. ಶನಿವಾರ ಅವಳ ತಾಯಿಯನ್ನು ಕರೆಸಿದರು.

ತಾಯಿ ಮನೆಯಲ್ಲಿ ಬಟ್ಟೆ ಹೊಲಿಯುವವಳು. ತೆಳ್ಳನೆಯ ಹೆಂಗಸು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದಳು. ಗುಮ್ಮಿ ಅವಳಿಗೆ ಅಂಟಿಕೊಂಡು ಕೂತಿದ್ದಳು. ಮೇಜಿನ ಆಚೆ ದೊಡ್ಡ ಮೇಡಂ, ಈಚೆ ನಾನು, ನನ್ನ ಮುಂದೆ ಈಗತಾನೇ ತಂದಿಟ್ಟ ಹೊಗೆಯಾಡುವ ಚಹಾ. ನಾನು ಮೊದಲಿನಿಂದ ಎಲ್ಲ ಹೇಳಿದೆ. ತಲೆಯಿಡುವುದು, ಚಿಲಕ, ಲೋಟ, ಕತ್ತರಿ. ಕೇಳುತ್ತ ಕೇಳುತ್ತ ತಾಯಿಯ ಮುಖ ಬಿಳಿಚಿಕೊಂಡಿತು. ಮಗಳ ಕಡೆ ತಿರುಗಿ ‘ಹೌದಾ?’ ಎಂದಳು. ಮಗಳು ತಲೆಯಾಡಿಸಿದಳು.

‘ನೋಡಿ, ಒಪ್ಕೊಂಡ್ಳು!’ ಎಂದೆ. ‘ನಿಮ್ಮ ಮಗಳು ಇಡೀ ಕ್ಲಾಸನ್ನ ಬೆರಳ ತುದೀಲಿ ಕುಣಿಸ್ತಿದ್ದಾಳೆ. ಇಂಥವಳನ್ನ ನಾನು ಇನ್ನು ಒಂದು ದಿನಾನೂ’

ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ ಎನ್ನಬೇಕು. ಬಾಯಿ ತೆರೆದೇ ಇತ್ತು. ಆದರೆ ಎದುರಿಗೆ ಗುಮ್ಮಿ ಮೇಜಿನ ಮೇಲೆ ತಲೆಯಿಟ್ಟಿದ್ದಳು. ಅವಳ ಪಕ್ಕದಲ್ಲಿ ತಾಯಿಯೂ ತಲೆಯಿಟ್ಟಿದ್ದಳು, ಕಣ್ಣು ಬಿಗಿಯಾಗಿ ಮುಚ್ಚಿ, ಕೆನ್ನೆಯನ್ನು ಮರಕ್ಕೆ ಆನಿಸಿ. ಚಹಾದ ಲೋಟ ಮೇಜಿನ ಆಚೆ ಅಂಚಿನಲ್ಲಿತ್ತು. ಅದರಿಂದ ಹೊಗೆ ಬರುತ್ತಿರಲಿಲ್ಲ.

ದೊಡ್ಡ ಮೇಡಂ ಮಾತ್ರ ತಲೆಯಿಟ್ಟಿರಲಿಲ್ಲ. ಕೂತಿದ್ದವರು ಯಾವಾಗಲೋ ಎದ್ದು ಗೋಡೆಗೆ ಒತ್ತಿಕೊಂಡಿದ್ದರು. ಬಾಯಿಗೆ ಸೆರಗು ಅಡ್ಡಹಿಡಿದು, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ಆ ನೋಟ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಣ ಎದ್ದು ಕೂತರೆ ಜನ ಹಾಗೆ ನೋಡಿಯಾರು.

‘ಏನಾಯ್ತು ಮೇಡಂ?’ ಎಂದೆ. ನಾಲಿಗೆ ತೊದಲಿತು.

‘ನೀವು... ನೀವು ಎಲ್ಲಿದ್ರಿ?’ ಎಂದರು. ‘ಅಷ್ಟು ಹೊತ್ತು ಕರೆದೆ. ಕಣ್ಣು ತೆರೆದೇ ಇತ್ತು. ತುಟಿ ಚಪ್ಪರಿಸ್ತಾ ಇದ್ರಿ, ಬೆರಳು ಸೆರಗನ್ನ ಹಿಸುಕ್ತಾ ಇತ್ತು. ಒಳಗೆ ಯಾರೂ ಇರಲಿಲ್ಲ.’

ಕೆಳಗೆ ನೋಡಿದೆ. ನನ್ನ ಸೆರಗಿನ ಚುಂಗು ನನ್ನದೇ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ನಾನು ಹಿಡಿದದ್ದು ನೆನಪಿರಲಿಲ್ಲ. ಅಷ್ಟು ದಿನ ಆ ಮಕ್ಕಳಲ್ಲಿ ಸೇರಿಕೊಂಡಿದೆ ಎಂದುಕೊಂಡಿದ್ದ ಭೂತ ನನ್ನ ಕುರ್ಚಿಯಲ್ಲೇ ಕೂತಿತ್ತು.

ತಾಯಿ ನಿಧಾನವಾಗಿ ತಲೆಯೆತ್ತಿದಳು. ನನ್ನ ಮುಖವನ್ನು ನೆಟ್ಟಗೆ ನೋಡದೆ, ಮೇಜಿನ ಮೇಲೆ ಕಣ್ಣಿಟ್ಟು ಮಾತಾಡಿದಳು.

‘ನಂಗೂ ಹೀಗೇ ಅಮ್ಮ. ಹೋಗಿ ಬರ್ತೀನಿ. ಈಗ ಮಾತ್ರೆ ಇದೆ, ಕಡಿಮೆ. ಮನೇಲಿ ಇವಳಿಗೆ ನಾನೇ ಹೇಳಿಕೊಟ್ಟಿದ್ದು. ನಾನು ಹೋದಾಗ ಕೂಗಬೇಡ, ಅಲ್ಲಾಡಿಸಬೇಡ. ಕೈಯಲ್ಲಿ ಕತ್ತರಿ ಇದ್ರೆ ಮೆಲ್ಲಗೆ ತಗೋ, ಬಿಸಿ ಇದ್ರೆ ದೂರ ಇಡು. ಅಪಾಯ ಇಲ್ಲ ಅಂತ ನೋಡ್ಕೊಂಡು ತಲೆ ಇಟ್ಕೋ. ನಾನು ಬರೋ ಹೊತ್ತಿಗೆ ಯಾರೂ ನನ್ನ ಮುಖ ನೋಡ್ತಾ ಇರಬಾರದು. ವಾಪಸ್ ಬಂದಾಗ ಸುತ್ತ ಅಷ್ಟು ಕಣ್ಣು ಇದ್ರೆ... ಆ ಅವಮಾನ ತಡೆಯೋಕಾಗಲ್ಲಮ್ಮ.’

ಅವಳು ಹೇಳುವ ಅಗತ್ಯವಿರಲಿಲ್ಲ. ದೊಡ್ಡ ಮೇಡಂ ಕಣ್ಣು ಇನ್ನೂ ನನ್ನ ಮೇಲೇ ಇತ್ತು.

‘ನಂಗೆ ಯಾಕೆ ಹೇಳಲಿಲ್ಲ ಮಗು?’ ಎಂದು ಗುಮ್ಮಿಯನ್ನು ಕೇಳಿದೆ.

ಅವಳು ಕಾಲ್ಬೆರಳುಗಳಿಗೆ ಉತ್ತರ ಹೇಳಿದಳು. ಕೇಳಿಸಿಕೊಳ್ಳಲು ನಾನು ಬಾಗಬೇಕಾಯಿತು. ‘ಹೇಳಿದ್ರೆ ನಿಮ್ಮನ್ನ ಕಳಿಸಿಬಿಡ್ತಾರೆ ಅಂತ. ಅಮ್ಮನ್ನ ಹೊಲಿಗೆ ಫ್ಯಾಕ್ಟರಿಯಿಂದ ಕಳಿಸಿದ್ರಲ್ಲ, ಹಾಗೆ.’

ಅವಳನ್ನು ಶಾಲೆಯಿಂದ ಕಳಿಸಲು ನಾನು ಒಂಟಿಕಾಲಲ್ಲಿ ನಿಂತಿದ್ದೆ. ನನ್ನನ್ನು ಕಳಿಸದಿರಲಿ ಎಂದು ಅವಳು ಇಡೀ ತರಗತಿಯ ಬಾಯಿ ಕಟ್ಟಿದ್ದಳು. ನನಗೆ ನಾಚಿಕೆಯಾಯಿತು. ಆಮೇಲೆ ಅಳು ಬಂತು, ದೊಡ್ಡ ಮೇಡಂ ಮುಂದೆಯೇ ಅತ್ತೆ.

ಡಾಕ್ಟರು ತಲೆಗೆ ತಂತಿಗಳನ್ನು ಅಂಟಿಸಿ ಪರೀಕ್ಷೆ ಮಾಡಿದರು. ಮೂರ್ಛೆರೋಗ ಎಂದರೆ ಬಿದ್ದು ಒದ್ದಾಡುವುದೊಂದೇ ಅಲ್ಲವಂತೆ, ನಿಂತಲ್ಲೇ ಹೋಗಿ ಬರುವುದೂ ಒಂದು ಬಗೆಯಂತೆ. ಮಾತ್ರೆ ಬರೆದರು, ಒಗ್ಗಲು ಸಮಯ ಬೇಕು ಎಂದರು. ತಂಗಿ ಒಲೆಯ ಹತ್ತಿರ ನನ್ನನ್ನು ಬಿಟ್ಟುಕೊಳ್ಳುವುದನ್ನು ನಿಲ್ಲಿಸಿದಳು. ದೊಡ್ಡ ಮೇಡಂ ಮೊದಲು ರಜೆ ಹಾಕಿ ಎಂದರು. ಆಮೇಲೆ ಒಂದು ದಿನ ನಮ್ಮ ತರಗತಿಯ ಹೊರಗೆ ನಿಂತು ನೋಡಿದವರು, ಏನು ಕಂಡರೋ, ‘ನಿಮ್ಮ ಕೋಣೆಯನ್ನ ಕೆಳಗಿನ ಮಹಡಿಗೆ ತರೋಣ, ಆಯಾ ಹಿಂದೆ ಕೂತಿರಲಿ, ಮಾತ್ರೆ ಬಿಡಬೇಡಿ’ ಎಂದು ಹೇಳಿ ಹೋದರು.

ಗುಮ್ಮಿಯ ತಾಯಿಯನ್ನು ಕೇಳಿದಾಗ ಇನ್ನೊಂದು ವಿಷಯ ತಿಳಿಯಿತು. ಗುಮ್ಮಿ ತರಗತಿಗೆ ಹೇಳಿದ್ದು ಒಂದೇ ಸಲ, ಒಂದೇ ಮಾತು. ‘ಟೀಚರ್ ಹೋಗಿದ್ದಾರೆ, ಬರ್ತಾರೆ. ನೋಡಬೇಡಿ.’ ಯಾರೂ ಯಾಕೆ ಎಂದು ಕೇಳಲಿಲ್ಲವಂತೆ. ತುತ್ತೂರಿಯೂ ಕೇಳಲಿಲ್ಲ. ನಾನು ಗಂಟಲು ಹರಿದುಕೊಂಡರೂ ಬಾರದ ಮೌನ ಅಷ್ಟು ಸಣ್ಣ ಮಾತಿಗೆ ಬಂದಿತ್ತು.

ಅವಧಿಯ ಕೊನೆಯ ದಿನ ಬಿಲ್ಲೆ ಬಂತು. ಹಿತ್ತಾಳೆಯದು, ಹಿಂದೆ ಉದ್ದನೆಯ ಚೂಪು ಪಿನ್ನು. ನಾನು ಹಿಂದಿನ ದಿನವೇ ಕನ್ನಡಿಯ ಮುಂದೆ ನಿಂತು ಮಾತು ಸಿದ್ಧ ಮಾಡಿಕೊಂಡಿದ್ದೆ. ಗಟ್ಟಿ ಗಂಟಲಿನವರನ್ನೇ ಆರಿಸುತ್ತಿದ್ದ ನನ್ನ ಕಿವುಡಿನ ಬಗ್ಗೆ, ಕೂಗದೆ ನಡೆಸುವವರ ಬಗ್ಗೆ. ಚೆನ್ನಾಗಿಯೇ ಇತ್ತು ಆ ಭಾಷಣ. ಮೇಜಿನ ಮುಂದೆ ನಿಂತು ಪಿನ್ನು ಬಿಚ್ಚಿದೆ.

‘ಈ ಸಲ ಬಿಲ್ಲೆ ಯಾರಿಗೆ ಗೊತ್ತಾ?’ ಎಂದೆ. ಯಾರೂ ತುತ್ತೂರಿಯ ಕಡೆ ನೋಡಲಿಲ್ಲ, ಅವನೂ ತನ್ನ ಕಡೆ ನೋಡಿಕೊಳ್ಳಲಿಲ್ಲ. ಎಲ್ಲರೂ ಕಿಟಕಿಯ ಪಕ್ಕದ ಬೆಂಚನ್ನು ನೋಡಿದರು. ‘ಬಾ ಮಗು ಇಲ್ಲಿ’ ಎಂದು ಗುಮ್ಮಿಯನ್ನು ಕರೆದೆ. ಅವಳು ಎದ್ದು ನಿಂತಳು. ಜಡೆಯನ್ನು ಹಿಂದಕ್ಕೆ ಹಾಕಿಕೊಂಡು ಮೇಜಿನ ಕಡೆ ಒಂದು ಹೆಜ್ಜೆ ಇಟ್ಟಳು.

ಈ ಕೋಣೆಯ ಫ್ಯಾನೂ ಕಿರುಗುಟ್ಟುತ್ತಿತ್ತು.

ಡೆಸ್ಕುಗಳ ಮೇಲೆ ಬರೀ ಕೂದಲು. ಹಿಂದಿನ ಕುರ್ಚಿಯಲ್ಲಿ ಆಯಾ ಕೂಡ ಮಡಿಲಿಗೆ ತಲೆ ಬಾಗಿಸಿ, ಕಣ್ಣು ಮುಚ್ಚಿ ಕೂತಿದ್ದಳು. ಗುಮ್ಮಿ ತನ್ನ ಜಾಗದಲ್ಲಿದ್ದಳು, ಕೆನ್ನೆಯನ್ನು ಮರಕ್ಕೆ ಆನಿಸಿ, ಎಲ್ಲರ ಹಾಗೆ. ಅವಳ ಎದೆಯ ಮೇಲೆ ಬಿಲ್ಲೆ ಇರಲಿಲ್ಲ.

ನನ್ನ ಕೈಯಲ್ಲೂ ಇರಲಿಲ್ಲ. ಅಂಗೈ ತಿರುಗಿಸಿ ನೋಡಿದೆ, ಒಂದು ಗೀರೂ ಇಲ್ಲ. ಬಿಲ್ಲೆ ಮೇಜಿನ ಆಚೆ ಅಂಚಿನಲ್ಲಿ, ಚಹಾದ ಲೋಟದ ಪಕ್ಕ ಇತ್ತು. ಯಾರೋ ಅದರ ಪಿನ್ನನ್ನು ಜೋಪಾನವಾಗಿ ಮುಚ್ಚಿಟ್ಟಿದ್ದರು.

ಸಿದ್ಧ ಮಾಡಿಕೊಂಡಿದ್ದ ಭಾಷಣದ ಒಂದಕ್ಷರವೂ ನೆನಪಾಗಲಿಲ್ಲ.

‘ತಲೆ ಎತ್ತಿ ಮಕ್ಕಳೇ,’ ಎಂದೆ. ‘ನಾನು ಬಂದೆ.’